ಕುಂಕುಮ ಇಟ್ಟ ಕಡೆ ಮುಖ

ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಹರಿಗೋಲು ಮೊದಲ ಸುತ್ತು ಹಾಕಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಆಗ ನಾನು ಕೈಗಡಿಯಾರವನ್ನೇ ನೋಡುತ್ತಿದ್ದೆ. "ಟೀಚರಮ್ಮ, ನಿಮ್ಮ ಕೆಲಸ ಇಷ್ಟೇ. ಈ ದಡ ಬಿಟ್ಟು ಆ ದಡ ಮುಟ್ಟಾಕೆ ಎಷ್ಟು ಹೊತ್ತು ಹಿಡೀತೈತೆ, ನೋಡಿ ಹೇಳ್ರಿ," ಎಂದು ತಿಪ್ಪೇಸ್ವಾಮಿ ಕಾಂಪೌಂಡರು ನನ್ನನ್ನು ಕೂರಿಸಿದ್ದರು. ಗಡಿಯಾರದಿಂದ ತಲೆ ಎತ್ತಿದಾಗ ಆ ದಡ ಎದುರಿಗಿತ್ತು. ಕಣ್ಣು ಮಿಟುಕಿಸಿದೆ, ಈ ದಡ ಎದುರಿಗೆ ಬಂತು. ಆಮೇಲೆ ಮತ್ತೆ ಆ ದಡ. ಅಂದಿನಿಂದ ತಿಂಗಳುಗಟ್ಟಲೆ, ರಾತ್ರಿ ಕಣ್ಣು ಮುಚ್ಚಿದರೆ ಸಾಕು, ತುಂಗಭದ್ರೆಯ ಎರಡೂ ದಡಗಳು ಸರದಿಯ ಮೇಲೆ ಬಂದು ನನ್ನನ್ನು ನೋಡಿಕೊಂಡು ಹೋಗುತ್ತಿದ್ದವು.

ತಿಪ್ಪೇಸ್ವಾಮಿಯವರು ಗೋವಿನಕೋವಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದರು. ನಾನಾಗ ಬಿ.ಎ., ಬಿ.ಎಡ್. ಮುಗಿಸಿ ಹೊಳೆಯಾಚೆಯ ಹಳ್ಳಿಯ ಶಾಲೆಗೆ ಹೊಸದಾಗಿ ಬಂದಿದ್ದೆ. ಆ ಹಳ್ಳಿಯಲ್ಲಿ ಒಂಟಿ ಹೆಣ್ಣುಮಗಳಿಗೆ ಬಾಡಿಗೆ ಮನೆ ಸಿಗಲಿಲ್ಲ. ಈಚೆ ದಡದಲ್ಲಿ ಕಾಂಪೌಂಡರ ಮನೆಯ ಹೊರಕೋಣೆಯನ್ನು ಅವರ ಹೆಂಡತಿ ಪಾರ್ವತಕ್ಕ ನನಗೆ ಬಿಟ್ಟುಕೊಟ್ಟರು. ದಿನವೂ ಅಂಬಿಗರ ಹನುಮಂತಪ್ಪನ ಹರಿಗೋಲಿನಲ್ಲಿ ದಾಟಿ ಪಾಠ ಮಾಡಿ ಬರುತ್ತಿದ್ದೆ. ಹೊನ್ನಾಳಿಯ ಸೇತುವೆ ಬಳಸಿಕೊಂಡು ಹೋದರೆ ಶಾಲೆ ತಲುಪುವ ಹೊತ್ತಿಗೆ ಮಧ್ಯಾಹ್ನದ ಗಂಟೆ ಹೊಡೆದಿರುತ್ತಿತ್ತು. ಹಾಗಾಗಿ ನನ್ನ ನೌಕರಿ ಆ ಹರಿಗೋಲಿನ ಮೇಲೇ ನಿಂತಿತ್ತು.

ಕಾಂಪೌಂಡರ ಊರು ಜಗಳೂರಿನ ಹತ್ತಿರದ ಸೊಕ್ಕೆ. ಈಜು ಬಾರದು. ಹೊಳೆಯ ದಡದಲ್ಲೇ ಮನೆಯಿದ್ದರೂ ಸ್ನಾನಕ್ಕೆ ನೀರನ್ನು ಕೊಡದಲ್ಲಿ ಹೊರಿಸಿ ತರಿಸುತ್ತಿದ್ದರು. ಅಂಥವರಿಗೆ ದೋಣಿಯ ಮೋಟಾರಿನ ಹುಚ್ಚು ಹಿಡಿದದ್ದು ಚನ್ನಗಿರಿಯ ಕಡೆ. ಉಬ್ರಾಣಿಯಲ್ಲಿ ದನಗಳಿಗೆ ಚುಚ್ಚುಮದ್ದು ಹಾಕಿಸಿ ಹಿಂದಿರುಗುವಾಗ ಸೂಳೆಕೆರೆಯ ಏರಿಯ ಮೇಲೆ ನಿಂತಿದ್ದರಂತೆ. ಯಾವುದೋ ಸಣ್ಣ ದೋಣಿ ಹಿಂದೊಂದು ಮೋಟಾರು ಕಟ್ಟಿಕೊಂಡು ಗುಡುಗುಡು ಎನ್ನುತ್ತ ಹೋಯಿತಂತೆ. "ನೀರು ನೋಡಿ ಬೆರಗಾಗ್ಲಿಲ್ಲ ನಾನು. ಆ ನೀರು ಕೈ ಮುಗಿದು ಎರಡೂ ಕಡೆ ಸರಿದು ದಾರಿ ಬಿಡ್ತಲ್ಲ, ಅದನ್ನ ನೋಡಿ," ಎಂದು ಎಷ್ಟೋ ಸಲ ಹೇಳಿದ್ದರು. ಆ ಸಂಜೆಯೇ ಚನ್ನಗಿರಿಯ ಗುಜರಿ ಅಂಗಡಿಯಲ್ಲಿ ಅಂಥದ್ದೇ ಒಂದು ಕೆಟ್ಟ ಮೋಟಾರು ಕಂಡಿತು. ತಮ್ಮ ಸೈಕಲ್ಲನ್ನು ಅಲ್ಲೇ ಕೊಟ್ಟು ಅದನ್ನು ಹೊತ್ತು ತಂದರು.

ಬಸ್ಸಿನಲ್ಲಿ ಅದನ್ನು ಕಿಟಕಿಯ ಪಕ್ಕ ಕೂರಿಸಿ, ತಲೆಗೆ ಟವೆಲು ಸುತ್ತಿದ್ದರಂತೆ. ಪಕ್ಕದ ಅಜ್ಜಿ, "ಮಗಾಗೆ ಜ್ವರ ಏನಪ್ಪಾ," ಎಂದು ಕೇಳಿದಳು. ಇವರು ಸುಳ್ಳು ಹೇಳುವವರಲ್ಲ. "ಜ್ವರ ಅಲ್ಲಮ್ಮ, ಒಳಗೆ ತುಕ್ಕು ಹಿಡಿದೈತೆ," ಎಂದರು. ಅಜ್ಜಿ ಎದ್ದು ಬೇರೆ ಸೀಟಿಗೆ ಹೋದಳು.

ಆಮೇಲೆ ಅಂಥವೇ ಇನ್ನೆರಡು ಬಂದವು. ಮೂರನ್ನೂ ಹಿತ್ತಿಲಲ್ಲಿ ಬಿಚ್ಚಿ ಹರವಿದಾಗ ಪಾರ್ವತಕ್ಕನಿಗೆ ಸೊಪ್ಪು ಕೊಯ್ಯಲು ಕಾಲಿಡುವ ಜಾಗವಿರಲಿಲ್ಲ. ಕಾಂಪೌಂಡರಿಗೆ ಮೆಕ್ಯಾನಿಕ್ಕಿನ ವಿದ್ಯೆ ಯಾರೂ ಕಲಿಸಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ದನಗಳು. ಅದೇ ವಿದ್ಯೆಯನ್ನು ಇದಕ್ಕೂ ಹಚ್ಚಿದರು. ಡಾಕ್ಟರ ಸ್ಟೆತಾಸ್ಕೋಪನ್ನು ಮೋಟಾರಿನ ಪಕ್ಕೆಗೆ ಹಿಡಿದು ಕಣ್ಣು ಮುಚ್ಚಿ ಕೇಳುತ್ತಿದ್ದರು. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸುತ್ತಿದ್ದರು. ಚಾಲೂ ಮಾಡುವ ಹಗ್ಗ ಕಿತ್ತುಹೋಗಿದ್ದಕ್ಕೆ ಎತ್ತಿನ ಮೂಗುದಾರ ಹಾಕಿದರು. ಪೆಟ್ರೋಲಿಗೆ ಹರಳೆಣ್ಣೆ ಬೆರೆಸುತ್ತಿದ್ದರು. ಆ ಹೊಗೆಯ ವಾಸನೆ ಬಂದರೆ ಬೀದಿಯ ಮಕ್ಕಳು, ಭೇದಿಗೆ ಕುಡಿಸುತ್ತಾರೆಂದು ಓಡಿಹೋಗುತ್ತಿದ್ದವು. ಕೊನೆಗೆ ಮೂರರ ಅಂಗಾಂಗ ಸೇರಿ ಒಂದು ಎದ್ದು ನಿಂತಿತು. ಅದರ ತಲೆಯ ಮೇಲಿನ ಟೊಪ್ಪಿಗೆ ಕೆಂಪಗಿತ್ತು, ಹಾಗಾಗಿ ಕೆಂಪು ಹಸುವಿಗೆ ಇಡುವಂತೆ ಅದಕ್ಕೆ ಕೆಂದಿ ಎಂದು ಹೆಸರಾಯಿತು.

ಕೆಂದಿಯನ್ನು ಆಸ್ಪತ್ರೆಯ ಮುಂದೆ ದನ ನೀರು ಕುಡಿಯುವ ಸಿಮೆಂಟಿನ ತೊಟ್ಟಿಯ ಅಂಚಿಗೆ ತಿರುಪಿನಿಂದ ಕಚ್ಚಿಸಿ ಓಡಿಸುತ್ತಿದ್ದರು. ಅದು ನೀರನ್ನು ಒಳಗೆ ಎಳೆದು ಪಕ್ಕದ ತೂತಿನಿಂದ ಚಿಳ್ಳನೆ ಬಿಡುತ್ತಿತ್ತು. "ನೋಡ್ರಿ, ಉಚ್ಚೆ ಹೆಂಗೆ ಸಲೀಸಾಗಿ ಹೊಯ್ತೈತೆ. ಒಳಗೆ ಏನೂ ಕಾಯಿಲೆ ಇಲ್ಲ," ಎಂದು ಕಾಯಿಲೆಯ ಎಮ್ಮೆ ಹಿಡಿದು ನಿಂತವರಿಗೆಲ್ಲ ತೋರಿಸುತ್ತಿದ್ದರು. ಒಂದೇ ತೊಂದರೆಯೆಂದರೆ, ಕೆಂದಿಗೆ ನಿಲ್ಲುವುದು ಗೊತ್ತಿರಲಿಲ್ಲ. ನಿಲ್ಲಿಸುವ ಗುಂಡಿಯ ತಂತಿಯಿಂದ ಶಾಕ್ ಹೊಡೆಯುತ್ತದೆಂದು ಅದನ್ನು ಕಿತ್ತು ಹಾಕಿದ್ದರು. ನಿಲ್ಲಿಸಬೇಕಾದಾಗ ಒದ್ದೆ ಗೋಣಿತಾಟನ್ನು ಅದರ ಮೂಗಿಗೆ, ಅಂದರೆ ಗಾಳಿ ಎಳೆಯುವ ಬಾಯಿಗೆ ಒತ್ತಿ ಹಿಡಿಯುತ್ತಿದ್ದರು. ಕೆಂದಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ಎತ್ತಿನ ವಿಷಯ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗದು. ನ್ಯಾಮತಿ ಸಂತೆಯಲ್ಲಿ ಲಾರಿಯ ಹಾರನ್ನಿಗೆ ಬೆದರಿದ ಎತ್ತೊಂದು ರಸ್ತೆ ಕಂಡರೆ ಮಲಗಿಬಿಡುತ್ತಿತ್ತು. ಇಂಜೆಕ್ಷನ್ನು ಕೊಡಿ ಎಂದು ಯಜಮಾನ ಬಂದ. "ಬೆದರಿಕೆಗೆ ಇಂಜೆಕ್ಷನ್ ಇಲ್ಲಪ್ಪಾ. ಬೆದರಿಸಿದ್ದು ಯಾವುದೋ ಅದರ ಹತ್ರಾನೇ ಒಯ್ದು ನಿಲ್ಲಿಸು. ಬೆಲ್ಲ ಕೊಡು. ಕಣ್ಣೆದುರಿಗೇ ಹಾರನ್ ಹೊಡೆಸು, ನಿಲ್ಲಿಸು. ಹೊಡೆಸು, ನಿಲ್ಲಿಸು. ಅದು ನಿಲ್ತೈತೆ ಅಂತ ಗೊತ್ತಾದ್ರೆ ಸಾಕು," ಎಂದರು ಕಾಂಪೌಂಡರು. ಎತ್ತು ಗುಣವಾಯಿತು. ಬೆಲ್ಲದ ಆಸೆಗೆ ಲಾರಿ ಕಂಡಲ್ಲೆಲ್ಲ ನಿಲ್ಲತೊಡಗಿತು ಎಂಬುದು ಬೇರೆ ಮಾತು.

ಆ ಮಳೆಗಾಲದಲ್ಲಿ ಹನುಮಂತಪ್ಪನ ಭುಜ ಹಿಡಿದುಕೊಂಡಿತು. ಹುಟ್ಟು ಹಾಕಲು ಆಗದು, ಹರಿಗೋಲು ನಿಲ್ಲಿಸುತ್ತೇನೆ ಎಂದ. ಕಾಂಪೌಂಡರು ಎತ್ತಿಗೆ ಹಚ್ಚುವ ಮುಲಾಮು ತಿಕ್ಕಿ ನೋಡಿದರು, ಭುಜದ ಚರ್ಮ ಸುಲಿಯಿತೇ ಹೊರತು ನೋವು ಹೋಗಲಿಲ್ಲ. ಆಗ ಕೆಂದಿಯ ಕಡೆ ತಿರುಗಿದರು.

"ಹರಿಗೋಲಿಗೆ ಮೋಟಾರು ಕಟ್ಟಿದ್ರೆ ನಿನ್ನ ಭುಜಾನೂ ಉಳೀತೈತೆ, ಟೀಚರಮ್ಮನ ಕೆಲಸಾನೂ ಉಳೀತೈತೆ."

ಹನುಮಂತಪ್ಪ ಬೀಡಿ ಆರಿಸಿದ. "ಸ್ವಾಮೇರೇ, ಹರಿಗೋಲು ಅಂದ್ರೆ ಬುಟ್ಟಿ. ದುಂಡಗೈತೆ. ಇದಕ್ಕೆ ಮುಖ ಯಾವುದು, ಬಾಲ ಯಾವುದು, ನೀವೇ ಹೇಳ್ರಿ."

ಕಾಂಪೌಂಡರು ಅದನ್ನೇ ಎರಡು ದಿನ ಯೋಚಿಸಿದರು. ಮೂರನೆಯ ದಿನ ಬೆಳಗ್ಗೆ ಪಾರ್ವತಕ್ಕನ ಕುಂಕುಮದ ಭರಣಿ ತಂದು ಹರಿಗೋಲಿನ ಅಂಚಿಗೆ ಒಂದು ಕಡೆ ದೊಡ್ಡ ಬೊಟ್ಟು ಇಟ್ಟರು. ಅದರ ಎದುರು ಅಂಚಿಗೆ ಹಲಗೆ ಬಿಗಿದು ಕೆಂದಿಯನ್ನು ಕಚ್ಚಿಸಿದರು. "ಕುಂಕುಮ ಇಟ್ಟ ಕಡೆ ಮುಖ. ಇನ್ನೇನೈತೆ ಕೇಳು."

ಹನುಮಂತಪ್ಪ ಇನ್ನೇನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕುಂಕುಮ ಇಟ್ಟ ಮೇಲೆ ಅದು ನಿಜಕ್ಕೂ ಮುಖದ ಹಾಗೇ ಕಾಣುತ್ತಿತ್ತು.

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಡುನೀರಿನವರೆಗೆ ಹನುಮಂತಪ್ಪ ಒಂದೇ ಕೈಯಲ್ಲಿ ಹುಟ್ಟು ಹಾಕಿದ. ಅಲ್ಲಿ ಕಾಂಪೌಂಡರು ಕೆಂದಿಗೆ ನಮಸ್ಕರಿಸಿ ಮೂಗುದಾರ ಎಳೆದರು. ತೊಟ್ಟಿಯಲ್ಲಿ ಎಲ್ಲಿಗೂ ಹೋಗಲಾಗದೆ ಗುಡುಗುತ್ತಿದ್ದ ಕೆಂದಿ ಮೊದಲ ಸಲ ಬಯಲು ಕಂಡಿತ್ತು. ಹರಿಗೋಲು ಮುಂದೆ ಹೋಗಲಿಲ್ಲ. ಬೀಸುಕಲ್ಲಿನಂತೆ ನಿಂತಲ್ಲೇ ತಿರುಗಿತು. ಕುಂಕುಮದ ಮುಖ ಶಾಲೆ ನೋಡಿತು, ಆಸ್ಪತ್ರೆ ನೋಡಿತು, ಮತ್ತೆ ಶಾಲೆ ನೋಡಿತು. ತಡೆಯಲೆಂದು ಹನುಮಂತಪ್ಪ ಹುಟ್ಟನ್ನು ನೀರಿಗೆ ಇಳಿಸಿದ. ಕೆಂದಿಯ ರೆಕ್ಕೆ ಅದನ್ನು ಕಬ್ಬಿನಂತೆ ಕಡಿದು ಹಾಕಿತು.

"ನಿಲ್ಲಿಸ್ರಿ," ಎಂದೆ.

"ಗೋಣಿತಾಟು ಕೊಡ್ರಿ," ಎಂದರು ಕಾಂಪೌಂಡರು.

ಗೋಣಿತಾಟು ದಡದಲ್ಲಿತ್ತು. ಪಾರ್ವತಕ್ಕ ಅದನ್ನು ಎತ್ತಿ ಹಿಡಿದು ಬೀಸುತ್ತಿದ್ದುದು ಪ್ರತಿ ಸುತ್ತಿಗೂ ಒಮ್ಮೆ ನನಗೆ ಕಾಣಿಸುತ್ತಿತ್ತು. ಪೆಟ್ರೋಲಿನ ನಲ್ಲಿ ತಿರುಗಿಸಲು ಹೋದರೆ ಅದು ಕೈಗೇ ಕಿತ್ತು ಬಂತು. ಹೊಳೆ ಸುಮ್ಮನಿರಲಿಲ್ಲ. ತಿರುಗುತ್ತಿದ್ದ ನಮ್ಮನ್ನು ಹಾಗೆಯೇ ಕೆಳಕ್ಕೆ ಒಯ್ಯುತ್ತಿತ್ತು. ಕೆಳಗೆ ಎಮ್ಮೆಬಂಡೆಗಳಿದ್ದವು. ಬೇಸಿಗೆಯಲ್ಲಿ ಎಮ್ಮೆಗಳು ಮಲಗಿದಂತೆ ಕಾಣುವ ಕರಿಯ ಬಂಡೆಗಳ ಸಾಲು ಅದು. ಆ ದಿನ ಅವುಗಳ ಮೇಲೆ ಬಿಳಿಯ ನೊರೆ ಮಾತ್ರ ಕಾಣುತ್ತಿತ್ತು. ಆ ನೊರೆಯ ಸದ್ದು ಮೋಟಾರಿನ ಸದ್ದನ್ನೂ ಮೀರಿ ಕೇಳಿಸತೊಡಗಿದ ಗಳಿಗೆಯಿದೆಯಲ್ಲ, ಅದನ್ನು ಈಗ ಬರೆಯುವಾಗಲೂ ನನ್ನ ಅಂಗೈ ಬೆವರುತ್ತದೆ.

ಕಾಂಪೌಂಡರು ಸೊಂಟಕ್ಕೆ ಕೈ ಹಾಕಿದರು. "ಟೀಚರಮ್ಮ, ಒಂಚೂರು ಆ ಕಡೆ ತಿರುಗ್ರಿ."

"ಯಾವ ಕಡೆ," ಎಂದೆ. ನಾನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವರು ಪಂಚೆ ಬಿಚ್ಚಿ, ಹೊಳೆಯಲ್ಲಿ ಅದ್ದಿ, ಪಟ್ಟೆಪಟ್ಟೆ ಚಡ್ಡಿಯಲ್ಲಿ ಮಂಡಿಯೂರಿ ಕೆಂದಿಯ ಮೂಗಿಗೆ ಒತ್ತಿದರು. ಕೆಂದಿ ಎರಡು ಸಲ ಕೆಮ್ಮಿತು. ಪಂಚೆಯ ಚುಂಗನ್ನು ಒಳಗೆಳೆದುಕೊಂಡು ನಿಂತಿತು. ಅದು ನಿಂತ ಮರುಗಳಿಗೆಗೆ ಹರಿಗೋಲು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಮೋಟಾರಿನ ಕಡೆಗೆ ವಾಲಿತು. ನೀರು ಒಳಗೆ ಬರತೊಡಗಿತು. ನನ್ನ ಚೀಲದಿಂದ ಸೀಮೆಸುಣ್ಣದ ಡಬ್ಬಿ ತೇಲಿ ಹೋಯಿತು.

ದಡದ ಉದ್ದಕ್ಕೂ ಓಡಿಬಂದ ಪಾರ್ವತಕ್ಕ ಬುದ್ಧಿವಂತೆ. ಗೋಣಿತಾಟು ಎಸೆದು, ಇಂಜೆಕ್ಷನ್ನಿಗೆ ದನ ಕೆಡವುವ ಆಸ್ಪತ್ರೆಯ ಹಗ್ಗವನ್ನು ತಂದಿದ್ದರು. ಜೊತೆಗೆ ನಾಲ್ಕಾರು ರೈತರಿದ್ದರು. ಹಗ್ಗದ ತುದಿಗೆ ಕಲ್ಲು ಕಟ್ಟಿ ಬೀಸಿದರು. ಕಾಂಪೌಂಡರ ಕೈಗೆ ಸಿಕ್ಕಿತು. ನಾನು ಎರಡೂ ಕೈ ಚಾಚಿದೆ. ಅವರು ಹಗ್ಗವನ್ನು ಕೆಂದಿಯ ಕೊರಳಿಗೆ ಗಂಟು ಹಾಕಿ, ತಿರುಪು ಸಡಿಲಿಸಿ, "ಎಳೀರಿ," ಎಂದು ಕೂಗಿದರು.

ದಡದವರು ಜೀವವೊಂದು ಬರುತ್ತಿದೆಯೆಂದು ಉಸಿರು ಬಿಗಿಹಿಡಿದು ಎಳೆದರು. ನೀರಿನಿಂದ ಕೆಂದಿ ಮೇಲೆ ಬಂತು, ಬಾಯಲ್ಲಿ ಪಂಚೆ ಕಚ್ಚಿಕೊಂಡು. ಪಾರ್ವತಕ್ಕ ಅದನ್ನು ಒಂದು ಕ್ಷಣ ನೋಡಿದರು. ಆಮೇಲೆ ಹೊಳೆಯ ಕಡೆ ತಿರುಗಿ, "ಧಾರೆ ಮಂಟಪದಾಗೆ ಇದನ್ನೇ ಪಕ್ಕಕ್ಕೆ ಕೂರಿಸ್ಕಾಬೇಕಿತ್ತು ಕಣ್ರೀ ನೀವು. ನನ್ನ ಯಾಕೆ ಕರ್ಕಂಡು ಬಂದ್ರಿ," ಎಂದರು.

"ಅದರ ಭಾರಕ್ಕೇ ವಾಲಿತ್ತಲ್ಲೇ. ಈಗ ನೋಡು, ನೆಟ್ಟಗಾತು," ಎಂದರು ಚಡ್ಡಿಯ ಕಾಂಪೌಂಡರು. ನೆಟ್ಟಗಾಗಿದ್ದು ನಿಜ. ನೀರು ಬರುವುದು ನಿಂತಿತ್ತು. ಎರಡನೆಯ ಸಲ ಬಂದ ಹಗ್ಗವನ್ನು ನನ್ನ ಸೊಂಟಕ್ಕೆ ಅವರೇ ಬಿಗಿದು ಕಟ್ಟಿದರು. ಗಂಟನ್ನು ಮೂರು ಸಲ ಜಗ್ಗಿ ನೋಡಿದರು. ಮೊದಲು ಮೋಟಾರು ಇಳಿಸಿದ್ದು ನನ್ನನ್ನು ಉಳಿಸಲಿಕ್ಕೋ, ಅದನ್ನು ಉಳಿಸಿಕೊಳ್ಳಲಿಕ್ಕೋ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಅವರನ್ನೇ ಕೇಳಿದರೆ, "ಎರಡೂ ಉಳಿದವಲ್ಲ, ಈಗ್ಯಾಕೆ," ಎನ್ನುತ್ತಿದ್ದರು. ಕೊನೆಯಲ್ಲಿ ಬಂದ ಹನುಮಂತಪ್ಪ ದಡದಲ್ಲಿ ಕೂತು, "ನನ್ನ ಭುಜಾನೇ ವಾಸಿ," ಎಂದ. ಮರುವಾರದಿಂದ ಮತ್ತೆ ಹುಟ್ಟು ಹಿಡಿದ.

ನಾನು ಮಾತ್ರ ಮತ್ತೆ ಹರಿಗೋಲು ಹತ್ತಲಿಲ್ಲ. ಸೇತುವೆ ಬಳಸಿ ಹೋಗಿ, ದಿನವೂ ತಡವಾಗಿ, ಹೆಡ್ ಮಾಸ್ಟರರಿಂದ ಬೈಸಿಕೊಂಡು, ಕಡೆಗೆ ಚನ್ನಗಿರಿಗೆ ವರ್ಗ ಮಾಡಿಸಿಕೊಂಡೆ. ಹೊಳೆ ದೂರವಾಯಿತು, ನಿದ್ದೆ ಹತ್ತಿರ ಬರಲಿಲ್ಲ. ಹಿಟ್ಟಿನ ಗಿರಣಿ ಚಾಲೂ ಆದರೆ ಎದೆ ಹಾರುತ್ತಿತ್ತು. ಕಣ್ಣು ಹತ್ತಿದ ಸ್ವಲ್ಪ ಹೊತ್ತಿಗೆ ಮಂಚ ತಿರುಗುತ್ತಿತ್ತು, ಕುಂಕುಮದ ಬೊಟ್ಟು ಹಾದುಹೋಗುತ್ತಿತ್ತು, ನೊರೆಯ ಸದ್ದು ಕೇಳುತ್ತಿತ್ತು. ಎದ್ದು ಕೂತು ಬೆಳಗು ಮಾಡುತ್ತಿದ್ದೆ. ತರಗತಿಯಲ್ಲಿ ಪಾಠ ಹೇಳುತ್ತಲೇ ತೂಕಡಿಸಿದ್ದುಂಟು.

ಕಾಂಪೌಂಡರಿಗೂ ಜಗಳೂರಿಗೆ ವರ್ಗವಾಗಿತ್ತು. ಬೇಸಿಗೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಆ ಊರಿಗೇ ಹಾಕಿದರು. ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಅರ್ಧ ಹೂತ ಟಾರಿನ ಡ್ರಮ್ಮು, ಅದರ ಅಂಚಿಗೆ ಕಚ್ಚಿಕೊಂಡು ನಿಂತ ಕೆಂದಿ. ಸುತ್ತ ಹರದಾರಿಗಟ್ಟಲೆ ಒಂದು ಹಳ್ಳದಲ್ಲೂ ನೀರಿರಲಿಲ್ಲ. ಪಾರ್ವತಕ್ಕ ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ, "ನಿದ್ದೆ ಮಾಡಾಕೆ ಆಗ್ತಿಲ್ಲೇನವ್ವ," ಎಂದರು. ಇದ್ದದ್ದನ್ನು ಹೇಳಿದೆ.

ಕಾಂಪೌಂಡರು ಎದ್ದರು. ಡ್ರಮ್ಮಿನ ಪಕ್ಕಕ್ಕೆ ಒಂದು ಸ್ಟೂಲು ಹಾಕಿದರು. ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಬೆಲ್ಲ ನೋಡಿದ ಕೂಡಲೇ ನನಗೆ ನ್ಯಾಮತಿಯ ಎತ್ತು ನೆನಪಾಯಿತು.

"ನಾನೇನು ದನಾನಾ ಕಾಂಪೌಂಡರ್ರೇ."

"ದನ ಆಗಿದ್ರೆ ಇಷ್ಟು ದಿನ ಹಿಡೀತಿರಲಿಲ್ಲ. ತಿನ್ರಿ."

ಒದ್ದೆ ಮಾಡಿದ ಗೋಣಿತಾಟನ್ನು ನನ್ನ ಕೈಗೆ ಕೊಟ್ಟರು. ಅವತ್ತು ದಡದಲ್ಲಿ ಉಳಿದದ್ದೇ ಅದು. ಮೂಗುದಾರ ಎಳೆದರು. ಕೆಂದಿ ಗುಡುಗಿತು, ಡ್ರಮ್ಮಿನ ನೀರು ಕುದಿದಂತೆ ಎದ್ದಿತು. ನನ್ನ ಕಾಲು ಬಾಗಿಲ ಕಡೆ ಎಳೆಯುತ್ತಿತ್ತು. "ನೀವೇ ನಿಲ್ಲಿಸ್ರಿ. ಯಾವಾಗ ಬೇಕೋ ಅವಾಗ," ಎಂದು ಅವರು ಕೈ ಕಟ್ಟಿ ದೂರ ನಿಂತರು. ಗೋಣಿತಾಟು ಒತ್ತಿದೆ. ಎರಡು ಕೆಮ್ಮು, ನಿಂತಿತು. ಮತ್ತೆ ಎಳೆದರು, ಮತ್ತೆ ಒತ್ತಿದೆ. ಹೊತ್ತು ಮುಳುಗುವ ತನಕ ಅವರು ಓಡಿಸಿದರು, ನಾನು ನಿಲ್ಲಿಸಿದೆ. ಒಂದು ಸಲ ಬೇಕೆಂದೇ ಬಹಳ ಹೊತ್ತು ಓಡಲು ಬಿಟ್ಟೆ. ಹರಳೆಣ್ಣೆಯ ಹೊಗೆಯಲ್ಲಿ ಕೂತು ಬೆಲ್ಲ ತಿಂದೆ.

ಅದೇ ನಮ್ಮ ಕೊನೆಯ ಭೇಟಿ. ಮುಂದಿನ ವರ್ಷ ಅವರು ಎದೆನೋವಿನಿಂದ ತೀರಿಕೊಂಡರೆಂದು ಪಾರ್ವತಕ್ಕನ ತಮ್ಮ ಬಂದು ಹೇಳಿ ಹೋದ. ಕೆಂದಿಯನ್ನು ಪಾರ್ವತಕ್ಕ ಗುಜರಿಗೆ ಕೊಡಲಿಲ್ಲವಂತೆ. ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ಕುಡಿಸುತ್ತಾರಂತೆ, ಬೈಯುತ್ತಲೇ.

ಬೆಲ್ಲ ತಿಂದ ಆ ದಿನ ರಾತ್ರಿ ನಾನು ಅವರ ಮನೆಯಲ್ಲೇ ಉಳಿದಿದ್ದೆ. ಬೆಳಗ್ಗೆ ಪಾರ್ವತಕ್ಕ ಭುಜ ಅಲುಗಿಸಿ ಎಬ್ಬಿಸಿದಾಗ ಬಿಸಿಲು ನಡುಮನೆಗೆ ಬಂದಿತ್ತು.

"ಕಾಂಪೌಂಡರು ಎಲ್ಲಿ," ಎಂದೆ.

"ಡ್ಯೂಟಿಗೆ ಹೋದ್ರು. ಹೋಗೋ ಮುಂಚೆ ನಿಮ್ಮ ಕಿವಿ ಪಕ್ಕದಾಗೇ, ಈ ಕಿಟಕಿ ಆಚೆ, ಅದನ್ನ ಎರಡು ಸಲ ಓಡಿಸಿ ನಿಲ್ಲಿಸಿದ್ರು. ನೀವು ಏಳ್ಲಿಲ್ಲ. ಹಂಗೇ ಕುಣ್ಕಂತ ಹೋದ್ರು."