ಹಾವು ಕಡಿತದ ಸಮೀಕ್ಷೆಗೆ ಹೋದ ಬೇಸಿಗೆ

ಹೊನ್ನಾಳಿ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಹೊಸ ಗಂಬೂಟುಗಳನ್ನು ತೂಗುಹಾಕಿದ್ದರು. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದಿದ್ದೇ ತಡ, ಪಿಯುಸಿಯಲ್ಲಿ ಜೀವಶಾಸ್ತ್ರ ಕಲಿಸಿದ ಮೇಡಂ ನೆನಪಾದರು. ಸೀರೆ ಎತ್ತಿ ಕಟ್ಟಿ, ಗಂಬೂಟು ತೊಟ್ಟು ಗದ್ದೆಯ ಬದುವಿನ ಮೇಲೆ ನಡೆಯುವ ಇನ್ನೊಬ್ಬ ಮೇಡಂ ನಮ್ಮ ಕಡೆ ಇರಲಿಲ್ಲ...

ಆ ವರ್ಷ ನೀಟ್ ಬರೆದು ಹೊರಬಂದಾಗಲೇ ಸೀಟು ಸಿಗುವುದಿಲ್ಲವೆಂದು ನನಗೆ ಗೊತ್ತಾಗಿತ್ತು. ಮತ್ತೆ ಬರೆಯಲೇಬೇಕು. ದಾವಣಗೆರೆಯಲ್ಲಿ ಕೋಚಿಂಗಿನ ಬೇಸಿಗೆ ತರಗತಿಗಳು ಶುರುವಾಗುವುದರಲ್ಲಿದ್ದವು. ಅದೇ ಹೊತ್ತಿಗೆ ಮೇಡಂ ಒಂದು ಸಂಶೋಧನೆ ಹಿಡಿದಿದ್ದರು. ನ್ಯಾಮತಿ ಸುತ್ತಿನ ಹಳ್ಳಿಗಳಲ್ಲಿ ಹಾವು ಕಡಿದವರು ಮೊದಲು ಎಲ್ಲಿಗೆ ಹೋದರು, ಆಸ್ಪತ್ರೆ ಸೇರಲು ಯಾಕೆ ತಡವಾಯಿತು ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ. ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು.

ಎರಡಕ್ಕೂ ಹೆದರಿದೆ. ಕೋಚಿಂಗ್ ಬಿಟ್ಟರೆ ಹಿಂದೆ ಬೀಳುವ ಭಯ. ಕೋಚಿಂಗಿಗೆ ಹೋದರೆ, ರಕ್ತ ಕಂಡರೆ ನಡುಗುವ ನಾನು ಡಾಕ್ಟರಾಗಲು ಲಾಯಕ್ಕೋ ಅಲ್ಲವೋ ಎಂದು ತಿಳಿಯದೇ ಉಳಿಯುವ ಭಯ. ಸಂಶೋಧನೆಯೆಲ್ಲ ಸೀಟಾದ ಮೇಲೆ ಎಂದರು ಅಪ್ಪ. ಕೊನೆಗೆ ಎರಡನೆಯ ಭಯವೇ ದೊಡ್ಡದೆನಿಸಿ, ಮೇಡಂ ಸ್ಕೂಟರಿನ ಹಿಂದೆ ಕೂತೆ.

ಸವಳಂಗದ ಹತ್ತಿರದ ಒಂದು ಹಳ್ಳಿ. ಮಧ್ಯಾಹ್ನ ಜಗಲಿಯ ಮೇಲೆ ಕೂತು ಮನೆಯವರನ್ನು ಮಾತಾಡಿಸುತ್ತಿದ್ದಾಗ, ಆ ಮನೆಯ ಸೊಸೆ ಹಿತ್ತಲಿನಿಂದ ಕುಂಟುತ್ತಾ ಬಂದಳು. ಸೌದೆ ಎಳೆಯುವಾಗ ನಾಗರಹಾವು ಪಾದಕ್ಕೆ ಕಡಿದಿತ್ತು. ಅತ್ತೆ ನಾಟಿ ಔಷಧಿಯವನನ್ನು ಕರೆಯಲು ಹೊರಟರು. ಮೇಡಂ ತಡೆದರು. ಗಂಡನ ಬೈಕಿನಲ್ಲಿ ಅವಳನ್ನು ನಡುವೆ ಕೂರಿಸಿ, ಹಿಂದಿನಿಂದ ಹಿಡಿದುಕೊಳ್ಳಲು ನನಗೆ ಹತ್ತು ಎಂದರು. ನಾನು ಜಗಲಿಯ ಕಂಬ ಹಿಡಿದು ನಿಂತೆ.

“ಮೇಡಂ, ನಂಗೆ ಭಯ ಆಗತೈತ್ರಿ.”

“ಆಗ್ಲಿ. ಭಯ ಐತಲ್ಲ, ಅದಕ್ಕೇ ಗಟ್ಟಿಯಾಗಿ ಹಿಡ್ಕಂತೀಯ. ಹತ್ತು. ಆಕೇನ ಮಾತಾಡಿಸ್ತಾ ಇರು.”

ದಾರಿಯಲ್ಲಿ ಅವಳ ತಲೆ ನನ್ನ ಭುಜಕ್ಕೆ ವಾಲಿತು. ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. “ಕೂಸು ಮಲಗೈತೆ ಕಣವ್ವಾ, ಎದ್ರೆ ನನ್ನ ಹುಡುಕತೈತೆ” ಎಂದಳು. ಆಮೇಲೆ ಮಾತು ತೊದಲಿ, ನಿಂತೇಹೋಯಿತು. ಕೂಸಿನ ಹೆಸರೇನು, ಹಲ್ಲು ಬಂದಿದೆಯಾ ಎಂದು ನಾನೊಬ್ಬಳೇ ಕೇಳುತ್ತಾ ಹೋದೆ... ನನ್ನ ತೋಳಿನೊಳಗೆ ಅವಳ ಉಸಿರು ಸಣ್ಣಗಾಗುವುದು ತಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಉಸಿರಾಟಕ್ಕೆ ಕೊಳವೆ ಹಾಕಿದರು. ಜೀವಕ್ಕೆ ಅಪಾಯವಿಲ್ಲವೆಂದು ಡಾಕ್ಟರು ಹೇಳುವಷ್ಟರಲ್ಲಿ ಸಂಜೆಯಾಗಿತ್ತು. ನಾನು ಕಟ್ಟಡದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಸ್ಕೂಟರಿನಲ್ಲಿ ನಮ್ಮ ಹಿಂದೆಯೇ ಬಂದಿದ್ದ ಮೇಡಂ ನೀರು ಕೊಟ್ಟು, ಬೆನ್ನು ಸವರಿ, ನಾಳೆ ಬರುತ್ತೀಯಾ ಎಂದಷ್ಟೇ ಕೇಳಿದರು. ಬರುತ್ತೇನೆ ಎಂದೆ.

ಹಿಂದೆ ಬೀಳುವ ಭಯವೂ ಸುಳ್ಳಾಗಲಿಲ್ಲ. ತಡವಾಗಿ ಕೋಚಿಂಗ್ ಸೇರಿ, ವರ್ಷವಿಡೀ ಏದುಸಿರು ಬಿಟ್ಟುಕೊಂಡೇ ಓದಿದೆ. ಮುಂದಿನ ಸಲ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕಿತು. ನಾನಿನ್ನೂ ಓದುತ್ತಿದ್ದಾಗಲೇ ಮೇಡಂ ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಅವರು ಹಿಡಿದ ಸಂಶೋಧನೆ ಅರ್ಧಕ್ಕೇ ನಿಂತಿತು...

ಈಗ ತುರ್ತು ಚಿಕಿತ್ಸಾ ಘಟಕವೇ ನನ್ನ ಕೆಲಸದ ಜಾಗ. ಹಾವು ಕಡಿದವರನ್ನು ಹೊತ್ತು ತಂದಾಗ ಇವತ್ತಿಗೂ ನನ್ನ ಅಂಗೈ ತಣ್ಣಗಾಗುತ್ತದೆ. ಜೊತೆಯವರು ನನ್ನನ್ನು ಗಟ್ಟಿಗಿತ್ತಿ ಎಂದುಕೊಂಡಿದ್ದಾರೆ. ಹಾಗಲ್ಲವೆಂದು ಗೊತ್ತಿದ್ದೂ ನನ್ನನ್ನು ಬೈಕು ಹತ್ತಿಸಿದವರು ಒಬ್ಬರೇ. ಅವರು ಈಗಿಲ್ಲ.