ಮಾಸ್ಕ್ ಎತ್ತಿದ ಲೆಕ್ಕ

2014ರ ನನ್ನ ದಿನಚರಿಯಲ್ಲಿ ಒಂದು ಪುಟದ ತುಂಬ ಬರೀ ಗೀಟುಗಳಿವೆ. ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪೊಂದರ ಸೇಫ್ಟಿ ವಿಭಾಗಕ್ಕೆ ನಾನಾಗ ಹೊಸಬ. ಗ್ಯಾಸ್ ಪ್ಲಾಂಟಿನಿಂದ ಬಂದ ಹಳೆಯ ಟ್ಯಾಂಕುಗಳ ಒಳಗೋಡೆ ಕೆರೆಯುವ ಕೆಲಸ ನಡೆದಿತ್ತು. ಆ ಧೂಳಿನಲ್ಲಿ ಆರ್ಸೆನಿಕ್ ಎಂಬ ವಿಷ ಇರುತ್ತಿತ್ತು. ಯಾರು ಎಷ್ಟು ಸಲ ಮಾಸ್ಕ್ ಎತ್ತಿದರೆಂದು ಗೀಟು ಹಾಕುವುದು ನನ್ನ ಪಾಲಿಗೆ ಬಂದಿತ್ತು.

ಬಾಗಲಕೋಟೆ ಕಡೆಯ ಫಿಟ್ಟರ್ ಒಬ್ಬರಿದ್ದರು. ಅಣ್ಣ ಎಂದೇ ಕರೆಯುತ್ತಿದ್ದೆ. ಅವರ ಲೆಕ್ಕ: ಭಾನುವಾರ ನಾಲ್ಕು, ಸೋಮವಾರ ಏಳು, ಮಂಗಳವಾರ ಒಂಬತ್ತು. ಪ್ರತಿ ಸಲ ಸೀನಿ, ಮಾಸ್ಕ್ ಎತ್ತಿ ಮೂಗು ಒರೆಸಿಕೊಳ್ಳುತ್ತಿದ್ದರು. ಅವರ ಸಾಲಿನ ಕೊನೆಗೆ ‘ಅಜಾಗರೂಕತೆ’ ಎಂದು ಬರೆದೆ.

ಮಂಗಳವಾರ ಸಂಜೆ ಆರ್ಸೆನಿಕ್ ಬಗ್ಗೆ ಓದುತ್ತ ಕೂತಿದ್ದೆ. ಮೊದಲ ಮಹಾಯುದ್ಧದಲ್ಲಿ ಜರ್ಮನರು ಆರ್ಸೆನಿಕ್ ಬೆರೆತ ಪುಡಿಯನ್ನು ಶೆಲ್ಲುಗಳಲ್ಲಿ ತುಂಬಿ ಹಾರಿಸಿದ್ದರಂತೆ. ಅದರ ಮುಖ್ಯ ಕೆಲಸ ಸೀನು ಬರಿಸುವುದು. ಅಂದಿನ ಮಾಸ್ಕುಗಳು ಅಷ್ಟು ನುಣ್ಣನೆಯ ಕಣಗಳನ್ನು ತಡೆಯಲಾರವು, ಸೀನು ವಾಂತಿ ತಾಳದೆ ಸೈನಿಕ ತಾನೇ ಮಾಸ್ಕ್ ಕಿತ್ತೆಸೆಯುತ್ತಾನೆ, ಆಗ ಇನ್ನೊಂದು ಅನಿಲ ಅವನನ್ನು ಮುಗಿಸುತ್ತದೆ ಎಂಬ ಎಣಿಕೆ. ಅಂದುಕೊಂಡಷ್ಟು ಅದು ಫಲಿಸಲಿಲ್ಲ. ಯುದ್ಧದ ಕೊನೆಗೆ ಅಮೆರಿಕನ್ನರು ಇನ್ನೂ ಘೋರವಾದ ಆರ್ಸೆನಿಕ್ ದ್ರವ ಮಾಡಿದರು. ಅದು ರಣರಂಗ ಮುಟ್ಟುವ ಮೊದಲೇ ಯುದ್ಧ ಮುಗಿಯಿತು. ಆ ದ್ರವದ ವಿಷ ಇಳಿಸಲೆಂದು ಬ್ರಿಟಿಷರು ಮುಂದೆ ಕಂಡುಹಿಡಿದ ಮದ್ದನ್ನು ಆಸ್ಪತ್ರೆಗಳಲ್ಲಿ ಈಗಲೂ ಆರ್ಸೆನಿಕ್ ವಿಷಕ್ಕೆ ಕೊಡುತ್ತಾರೆ.

ದಿನಚರಿ ತೆರೆದು ಗೀಟುಗಳನ್ನು ಮತ್ತೆ ನೋಡಿದೆ. ಅಣ್ಣ ಮೊದಲು ಸೀನುತ್ತಿದ್ದರು, ಆಮೇಲೆ ಮಾಸ್ಕ್ ಎತ್ತುತ್ತಿದ್ದರು. ಅಂದರೆ ಧೂಳು ಅದಕ್ಕೂ ಮೊದಲೇ ಒಳಹೊಕ್ಕಿತ್ತು. ಎಲ್ಲಿಂದ? ಅವರ ಉದ್ದನೆಯ ಗಡ್ಡ ಕಣ್ಣಿಗೆ ಕಟ್ಟಿತು.

ಬೆಳಗ್ಗೆ ಅವರನ್ನು ಟ್ಯಾಂಕಿನ ಬಾಯಲ್ಲೇ ತಡೆದೆ. “ಒಳಗೆ ಹೋಗ್ಬೇಡಿ ಅಣ್ಣಾ. ಗಡ್ಡದ ಸಂದಿಯಿಂದ ವಿಷ ಒಳಗೆ ಹೋಗ್ತಾ ಉಂಟು. ತೆಗೀಲೇಬೇಕು ಮಾರಾಯ್ರೆ.”

“ಹೆಂಡ್ತಿ ಬಸುರಿದ್ದಾಗ ಗಡ್ಡ ತೆಗೀಬಾರದು ತಮ್ಮಾ. ಆಕಿಗೆ ಏಳು ತಿಂಗಳು. ಕೂಸಿಗೆ ಏನರ ಆದ್ರ?”

“ನಿಮಗೇ ಏನಾದ್ರೂ ಆದ್ರೆ?”

ಅವರು ನೆರಳಿಗೆ ಹೋಗಿ ಊರಿಗೆ ಫೋನು ಮಾಡಿ ಎಲ್ಲ ಹೇಳಿದರು. ಹೆಂಡತಿಯ ದನಿ ನನ್ನವರೆಗೂ ಕೇಳಿಸಿತು. “ಗಡ್ಡ ಮತ್ತ ಬರ್ತದ. ಮೊದಲ ಬೋಳಿಸ್ರಿ! ಕೂಸು ನಿಮ್ಮನ್ನ ನೋಡಿ ಕರಡಿ ಅಂತ ಅಂಜಬೇಕೇನು? ಅತ್ತಿಯವರಿಗೆ ನಾ ಹೇಳ್ತೀನಿ.”

ಗುರುವಾರ ಕೆನ್ನೆಯ ಮೇಲೆ ಎರಡು ಗಾಯ ಮಾಡಿಕೊಂಡು ಬಂದರು. “ಹಾಕು ಗೀಟು, ನೋಡೂಣು,” ಎಂದು ಒಳಗಿಳಿದರು. ಸಂಜೆಯವರೆಗೆ ಒಂದೂ ಇಲ್ಲ.

ಮೈಗೆ ಎಷ್ಟು ವಿಷ ಸೇರಿದೆಯೆಂದು ನೋಡಲು ಮಾಡಿಸಿದ ಅವರ ಮೂತ್ರ ಪರೀಕ್ಷೆಯ ವರದಿ ಬರಲು ಆರು ದಿನ ಹಿಡಿಯಿತು. ಆರನ್ನೂ ಎಣಿಸಿದೆ. ಭಯಪಡುವಂಥದ್ದೇನೂ ಇರಲಿಲ್ಲ. ‘ಅಜಾಗರೂಕತೆ’ಯನ್ನು ಅವರ ಸಾಲಿನಿಂದ ಹೊಡೆದುಹಾಕಿ, ಪುಟದ ಕೆಳಗೆ ನನ್ನ ಹೆಸರಿನ ಮುಂದೆ ಬರೆದುಕೊಂಡೆ.