ಅತ್ತೆಗೊಂದು ಮಾತಿನ ಗುಂಡಿ

ಕಂಪ್ಯೂಟರಿನ ಜೊತೆ ಮಾತಾಡುವುದು ಬಹಳ ಸುಲಭ ಎಂದು ಡೊಂಬಿವಲಿಯ ನಮ್ಮ ಮನೆಯಲ್ಲಿ ಕೂತು ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆ ಕಂಪ್ಯೂಟರು ಹೊರಗಿನ ಇನ್ನೊಂದು ಯಂತ್ರದ ಮಾತು ಕೇಳುವಂತೆ ಮಾಡುವುದು ಎಷ್ಟು ಕಷ್ಟ ಎಂದು ತಿಳಿದದ್ದು ಮಾತ್ರ ಅತ್ತೆಯ ದನಿ ಹೋದ ಮೇಲೆ.

ಗಂಟಲಿನ ಆಪರೇಷನ್ ಆಗಿ ಅತ್ತೆ ಮನೆಗೆ ಬಂದರು. ಊಟ, ನಿದ್ದೆ ಎಲ್ಲ ಹದಕ್ಕೆ ಬಂತು, ದನಿ ಮರಳಲಿಲ್ಲ. ಉಡುಪಿ ಕಡೆಯವರು, ಮನೆಯಲ್ಲಿ ತುಳು ಬಿಟ್ಟು ಬೇರೆ ಆಡಿದವರಲ್ಲ, ಮಾತು ಕಡಿಮೆಯವರಂತೂ ಅಲ್ಲವೇ ಅಲ್ಲ. ಈಗ ಏನಾದರೂ ಬೇಕಾದರೆ ಚಮಚದಿಂದ ಸ್ಟೀಲ್ ಲೋಟ ಬಡಿಯುತ್ತಿದ್ದರು. ನಾನು ಟ್ಯೂಷನ್ ನಡುವೆ ಓಡಿ ಹೋಗಿ ಅವರ ತುಟಿ ನೋಡಿ ಅರ್ಥಮಾಡಿಕೊಳ್ಳಬೇಕು. ಧಾರವಾಡದವಳಾದ ನನಗೆ ಕಿವಿಗೆ ಬಿದ್ದ ತುಳುವೇ ಅಷ್ಟಕ್ಕಷ್ಟೆ. ತುಟಿಯ ಮೇಲಿನ ತುಳು ಕೇಳಬೇಡಿ. ಬಿಸಿನೀರು ಕೇಳಿದರೆ ಬೀಸಣಿಗೆ ತಂದವಳು ನಾನು. ಬರಬರುತ್ತ ಅತ್ತೆ ಲೋಟ ಬಡಿಯುವುದನ್ನೂ ಬಿಟ್ಟು ಗೋಡೆ ಕಡೆ ತಿರುಗಿ ಮಲಗತೊಡಗಿದರು. ಅದು ನನ್ನನ್ನು ಹೆದರಿಸಿತು. ಗುಂಡಿ ಒತ್ತಿದರೆ ಕಂಪ್ಯೂಟರು ಅವರ ಪರವಾಗಿ ಮಾತಾಡಬೇಕು, ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

“ಒಂದು ಕರೆಗಂಟೆ ಸಾಕಲ್ಲ ಮಾರಾಯ್ತಿ,” ಅಂದರು ಮಾಜಿವಾಡಾದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿರುವ ನಮ್ಮವರು.

“ಗಂಟಿಗೆ ಬರೋದು ಒಂದ ಮಾತು ರೀ. ನಿಮ್ಮ ಅಮ್ಮಗ ಅಷ್ಟ ಸಾಕಾಗ್ತದೇನು?”



ಉಲ್ಹಾಸನಗರದಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಮೈಕ್ರೊಕಂಟ್ರೋಲರ್ ಬೋರ್ಡು, ಮೂರು ದಪ್ಪ ಗುಂಡಿ ತಂದು, ಸೋಲ್ಡರಿಂಗ್ ಐರನ್ ಕಾಯಿಸಿ ಬೆಸೆದೆ. ಗುಂಡಿ ಒತ್ತಿದಾಗ ಬೋರ್ಡು ಯುಎಸ್‌ಬಿ ತಂತಿಯಲ್ಲಿ ಒಂದು ಅಕ್ಷರ ಕಳಿಸಬೇಕು. ನನ್ನ ಪ್ರೋಗ್ರಾಂ ಅದನ್ನು ಓದಿ, ಆ ಅಕ್ಷರದ ಪಾಲಿನ ಮಾತನ್ನು ಸ್ಪೀಕರಿನಲ್ಲಿ ಕೇಳಿಸಬೇಕು. ಇಷ್ಟೇ ಕೆಲಸ. ತಂತಿ ಸಿಕ್ಕಿಸಿದೆ, ಬೋರ್ಡಿನ ದೀಪ ಹತ್ತಿತು. ಆದರೆ ಅಂಥದ್ದೊಂದು ವಸ್ತು ಲೋಕದಲ್ಲಿದೆ ಎಂದೇ ಕಂಪ್ಯೂಟರು ಒಪ್ಪಲಿಲ್ಲ. ಸಾಫ್ಟ್‌ವೇರನ್ನು ಬೈದೆ, ಅಳಿಸಿದೆ, ಮತ್ತೆ ಹಾಕಿದೆ. ಕೊನೆಗೆ ಬೇಸತ್ತು ತಂತಿ ಬದಲಿಸಿದರೆ ತಕ್ಷಣ ಗುರುತು ಹಿಡಿಯಿತು. ಮೊದಲಿನದು ಮೊಬೈಲ್ ಚಾರ್ಜಿಗೆ ಮಾತ್ರ ಆಗುವ ತಂತಿ. ಅದರಲ್ಲಿ ಕರೆಂಟು ಹರಿಯುತ್ತದೆ, ಸುದ್ದಿ ಹರಿಯುವುದಿಲ್ಲ. ಹೊತ್ತುಹೊತ್ತಿಗೆ ಗಂಜಿ, ಮದ್ದು ಕೊಟ್ಟು ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದ ನಾನು, ಆ ತಂತಿ ಹಿಡಿದುಕೊಂಡು ಅತ್ತೆ ಮಲಗಿದ್ದ ಕಡೆ ನೋಡಿದೆ.

ಆಮೇಲೆ ಪ್ರೋಗ್ರಾಂ ಮೌನ ಹಿಡಿಯಿತು. ಪೂರ್ತಿ ಸಾಲು ಓದು ಎಂದು ಅದಕ್ಕೆ ಹೇಳಿದ್ದೆ; ಸಾಲು ಮುಗಿಯಿತು ಎಂಬ ಗುರುತು ಕಳಿಸು ಎಂದು ಬೋರ್ಡಿಗೆ ಹೇಳಿರಲಿಲ್ಲ. ಪಾಪ, ಅದು ಕಾಯುತ್ತಲೇ ಇತ್ತು. ಎದುರಿನವರ ಮಾತು ಮುಗಿಯುವವರೆಗೆ ಬಾಯಿ ತೆರೆಯದ ಗುಣ ನಮ್ಮ ಮನೆಯಲ್ಲಿ ಅದೊಂದಕ್ಕೇ ಇರುವುದು.

ಗುರುತು ಸೇರಿಸಿ, ‘ನೀರು’, ‘ಮದ್ದು’, ‘ಬಾ’ ಎಂದು ನನ್ನ ದನಿಯಲ್ಲೇ ತುಳುವಿನಲ್ಲಿ ರೆಕಾರ್ಡ್ ಮಾಡಿ ಅತ್ತೆಯ ಮುಂದಿಟ್ಟೆ. ಒಂದೊಂದನ್ನೂ ಒತ್ತಿ ಕೇಳಿದರು. ಬೇಡವೆಂದು ಕೈಯಾಡಿಸಿದರು.

“ಹಂಗಾದ್ರ ಏನ್ ಬೇಕ್ರೀ ಅತ್ತೀ?”

ನಿಧಾನವಾಗಿ ತುಟಿ ಆಡಿಸಿದರು. ಈ ಸಲ ನಾನು ಅರ್ಧಕ್ಕೇ ಎದ್ದು ಓಡಲಿಲ್ಲ. ಮತ್ತೆ ಮತ್ತೆ ಆಡಿಸಿದ ಮೇಲೆ ಹೊಳೆಯಿತು: “ಒಣಸ್ ಆಂಡಾ?” ಊಟ ಆಯಿತಾ? ಮನೆಗೆ ಬಂದವರನ್ನೆಲ್ಲ ಅವರು ಮೊದಲು ಕೇಳುತ್ತಿದ್ದ ಮಾತು. ಬೇಡುವ ಮಾತುಗಳೆಲ್ಲ ಅವರಿಗೆ ಸಾಕಾಗಿದ್ದವು. ಇನ್ನೊಬ್ಬರನ್ನು ವಿಚಾರಿಸುವ ಮಾತು ಬೇಕಿತ್ತು. ‘ಬಾ’ ತೆಗೆದು ಆ ಗುಂಡಿಗೆ ಇದನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡಿದೆ; ಕೊನೆಗೂ ನನ್ನ ಧಾರವಾಡದ ತುಳು ಒಪ್ಪಿ ಅತ್ತೆ ತಲೆಯಾಡಿಸಿದರು.

ಭಾನುವಾರ ನಮ್ಮವರು ಮಧ್ಯಾಹ್ನವೇ ಬಂದರು.

“ಒಣಸ್ ಆಂಡಾ?” ಎಂದಿತು ಮೂಲೆಯ ಸ್ಪೀಕರು.

ದನಿ ನನ್ನದು, ಹಾಗಾಗಿ ಚಪ್ಪಲಿ ಬಿಡುತ್ತ ನನಗೆ ಉತ್ತರ ಕೊಡಲು ಹೊರಟರು. ನಾನು ಅತ್ತೆಯ ಕಡೆ ಕೈ ತೋರಿಸಿದೆ. ಅತ್ತೆಯ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ನಮ್ಮವರು ಹೋಗಿ ಅಮ್ಮನ ಮಂಚದ ಅಂಚಿಗೆ ಕೂತರು.

“ಆಂಡ್ ಅಮ್ಮ,” ಅಂದರು. ಆಯಿತಮ್ಮ. ಆಮೇಲೆ, “ನಿನ್ನ ಆಂಡಾ?” ನಿನ್ನದಾಯಿತಾ?

ಅತ್ತೆ ಗುಂಡಿಗಳನ್ನೆಲ್ಲ ನೋಡಿ, ನನ್ನ ಮುಖ ನೋಡಿದರು. ಕೇಳಿದವರನ್ನೂ ತಿರುಗಿ ಯಾರಾದರೂ ಕೇಳಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಉತ್ತರಕ್ಕೂ ಒಂದು ಗುಂಡಿ ಬೆಸೆಯಲು ನಾನು ಸೋಲ್ಡರಿಂಗ್ ಐರನ್ನನ್ನು ಮತ್ತೆ ಕಾಯಲಿಟ್ಟೆ.